ಊರಿನ ಹುಡುಗ, ದುಬಾರಿ ಆಟಗಾರ: ಜೋ ಮೌಯರ್ ಮತ್ತು ಮಿನೆಸೋಟಾದ ಅಭಿಮಾನಿಗಳು

ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಆಟಗಾರನೊಬ್ಬ ತನ್ನ ಹುಟ್ಟೂರಿನ ತಂಡಕ್ಕೇ ಆಡುವುದು ಅಪರೂಪದ ಆಕಸ್ಮಿಕ. ಹೈಸ್ಕೂಲು, ಕಾಲೇಜುಗಳಲ್ಲಿ ಆಡುವ ಪ್ರತಿಭಾವಂತರನ್ನು ವರ್ಷಕ್ಕೊಮ್ಮೆ ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುವ ‘ಡ್ರಾಫ್ಟ್’ ಎಂಬ ಪದ್ಧತಿ ಅಲ್ಲಿದ್ದು, ಹಿಂದಿನ ವರ್ಷ ಕಳಪೆಯಾಗಿ ಆಡಿದ ತಂಡಗಳಿಗೆ ಮೊದಲ ಅವಕಾಶ ದೊರೆಯುವುದರಿಂದ, ಯಾವ ಹುಡುಗ ಯಾವ ಊರಿಗೆ ಹೋಗುತ್ತಾನೆ ಎಂಬುದು ಅವನ ಕೈಯಲ್ಲಿ ಇರುವುದಿಲ್ಲ. ಆದ್ದರಿಂದಲೇ ಊರಿನ ಮಗನೊಬ್ಬ ಊರಿನ ತಂಡದ ತಾರೆಯಾದಾಗ ಅವನಿಗೂ ಅಭಿಮಾನಿಗಳಿಗೂ ನಡುವೆ ಬೆಳೆಯುವ ನಂಟು ಸಾಮಾನ್ಯ ಅಭಿಮಾನಕ್ಕಿಂತ ಬಿಗಿಯಾಗಿರುತ್ತದೆ. ಅವನ ಆಟ ಕುಸಿದಾಗ ಅದೇ ಬಿಗಿತವು ಅಕ್ಕರೆ ಮತ್ತು ಅಸಹನೆಗಳನ್ನು ಒಂದೇ ಮನಸ್ಸಿನಲ್ಲಿ ಒಟ್ಟಿಗೆ ಇರಿಸುತ್ತದೆ. ಈ ಸ್ಥಿತಿಯನ್ನು ಅರಿಯಲು ಮಿನೆಸೋಟಾ ರಾಜ್ಯದ ಟ್ವಿನ್ಸ್ ತಂಡದಲ್ಲಿ 2004ರಿಂದ 2018ರವರೆಗೆ ಆಡಿದ ಜೋ ಮೌಯರ್ ಅವರ ಕಥೆಗಿಂತ ಸ್ಪಷ್ಟವಾದ ಉದಾಹರಣೆ ಇತ್ತೀಚಿನ ಬೇಸ್‌ಬಾಲ್ ಇತಿಹಾಸದಲ್ಲಿ ಸಿಗುವುದು ಕಷ್ಟ.

ಮೌಯರ್ ಹುಟ್ಟಿದ್ದು 1983ರ ಏಪ್ರಿಲ್ 19ರಂದು, ಮಿನೆಸೋಟಾದ ರಾಜಧಾನಿ ಸೇಂಟ್ ಪಾಲ್‌ನಲ್ಲಿ. ಪಕ್ಕದ ಮಿನಿಯಾಪೊಲಿಸ್‌ಗೂ ಇದಕ್ಕೂ ಸೇರಿ ‘ಅವಳಿ ನಗರಗಳು’ ಎಂಬ ಹೆಸರಿದ್ದು, ತಂಡದ ‘ಟ್ವಿನ್ಸ್’ ಎಂಬ ಹೆಸರೂ ಅಲ್ಲಿಂದಲೇ ಬಂದದ್ದು. ಕ್ರೆಟಿನ್-ಡರ್ಹಮ್ ಹಾಲ್ ಎಂಬ ಕ್ಯಾಥೊಲಿಕ್ ಶಾಲೆಯಲ್ಲಿ ಓದುತ್ತಿದ್ದಾಗ ಅವರು ಬೇಸ್‌ಬಾಲ್‌ನಲ್ಲಿ ಎಷ್ಟು ಪ್ರಸಿದ್ಧರೋ ಅಮೆರಿಕನ್ ಫುಟ್‌ಬಾಲ್‌ನಲ್ಲೂ ಅಷ್ಟೇ ಪ್ರಸಿದ್ಧರಾಗಿದ್ದು, ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯವು ತನ್ನ ಫುಟ್‌ಬಾಲ್ ತಂಡದಲ್ಲಿ ಆಡಲು ವಿದ್ಯಾರ್ಥಿವೇತನವನ್ನೇ ಮುಂದಿಟ್ಟಿತ್ತು. 2001ರ ಡ್ರಾಫ್ಟ್‌ನಲ್ಲಿ ಮೊಟ್ಟಮೊದಲ ಆಯ್ಕೆಯ ಹಕ್ಕು ಟ್ವಿನ್ಸ್‌ಗೆ ಬಂದಾಗ ತಂಡ ಅವರನ್ನೇ ಆರಿಸಿತು. ಆಗ ಹಲವರು ಈ ಆಯ್ಕೆಯನ್ನು ಮೆಚ್ಚಲಿಲ್ಲ. ಆ ವರ್ಷದ ಅತ್ಯುತ್ತಮ ಪ್ರತಿಭೆಯೆಂದು ಹೆಸರಾಗಿದ್ದವರು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಿಚರ್ ಮಾರ್ಕ್ ಪ್ರಯರ್ (ಬ್ಯಾಟುಗಾರನಿಗೆ ಚೆಂಡೆಸೆಯುವವನೇ ಪಿಚರ್). ಅವರು ಎರಡನೆಯ ಆಯ್ಕೆಯಾಗಿ ಶಿಕಾಗೊ ಕಬ್ಸ್ ತಂಡ ಸೇರಿ 1.05 ಕೋಟಿ ಡಾಲರ್‌ಗಳ ಒಪ್ಪಂದಕ್ಕೆ ಸಹಿ ಹಾಕಿದರೆ, ಮೌಯರ್ 51.5 ಲಕ್ಷ ಡಾಲರ್‌ಗೆ ಒಪ್ಪಿದರು. ಜಿಪುಣ ತಂಡವು ದುಡ್ಡು ಉಳಿಸಲು ಊರಿನ ಹುಡುಗನ ನೆಪ ಹುಡುಕಿತು ಎಂಬುದು ಅಂದಿನ ದೂರು. ಪ್ರಯರ್ ಅವರ ವೃತ್ತಿಜೀವನವನ್ನು ಕೆಲವೇ ವರ್ಷಗಳಲ್ಲಿ ಗಾಯಗಳು ಕಸಿದುಕೊಂಡದ್ದರಿಂದ ಆ ದೂರು ತಾನಾಗಿ ಅಡಗಿತಾದರೂ, ಮೌಯರ್ ಮೇಲೆ ಬಂದ ಮೊದಲ ಆಕ್ಷೇಪ ಅವರು ಅಗ್ಗದ ಆಯ್ಕೆ ಎಂಬುದಾಗಿತ್ತು, ಕೊನೆಯ ಆಕ್ಷೇಪ ಅವರು ದುಬಾರಿ ಎಂಬುದಾಗಿತ್ತು ಎನ್ನುವುದನ್ನು ಗಮನಿಸಬೇಕು.

ಅದೇ 2001ರ ನವೆಂಬರಿನಲ್ಲಿ ವೃತ್ತಿಪರ ಬೇಸ್‌ಬಾಲ್‌ನ ಅತ್ಯುನ್ನತ ಮಟ್ಟವಾದ ಮೇಜರ್ ಲೀಗ್‌ನ ತಂಡಗಳ ಮಾಲೀಕರು ಎರಡು ತಂಡಗಳನ್ನು ಮುಚ್ಚಿಬಿಡುವ ಪರವಾಗಿ ಮತ ಹಾಕಿದರು. ಅವುಗಳಲ್ಲಿ ಒಂದು ಟ್ವಿನ್ಸ್ ಎಂದು ಎಲ್ಲರಿಗೂ ತಿಳಿದಿತ್ತು. ಮುಚ್ಚುವಿಕೆ ಕಡೆಗೆ ನಿಂತುಹೋದರೂ ಅದರ ಭಯ ಅಭಿಮಾನಿಗಳ ಮನಸ್ಸಿನಿಂದ ಬೇಗ ಹೋಗಲಿಲ್ಲ. ಮುಂದಿನ ವರ್ಷಗಳಲ್ಲಿ ತಂಡ ಗೆಲ್ಲತೊಡಗಿದರೂ, ಬೆಳೆದ ಆಟಗಾರರನ್ನು ಉಳಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲವೆಂಬುದು ತಾರಾ ಆಟಗಾರ ಟೋರಿ ಹಂಟರ್ 2007ರ ಕೊನೆಗೆ ಕ್ಯಾಲಿಫೋರ್ನಿಯಾಕ್ಕೆ ಹೊರಟಾಗ, ಪಿಚರ್ ಯೊಹಾನ್ ಸಾಂತಾನಾರನ್ನು 2008ರಲ್ಲಿ ನ್ಯೂಯಾರ್ಕಿನ ಮೆಟ್ಸ್‌ಗೆ ಕೊಟ್ಟಾಗ ಮತ್ತೆ ಮತ್ತೆ ಖಚಿತವಾಯಿತು. ದೊಡ್ಡ ನಗರಗಳ ಶ್ರೀಮಂತ ತಂಡಗಳು ಬಂದು ಒಳ್ಳೆಯವರನ್ನೆಲ್ಲ ಒಯ್ಯುತ್ತವೆ ಎಂಬ ಈ ಕಹಿಯ ನಡುವೆ, ಒಯ್ಯಲಾಗದವನು ಒಬ್ಬನಾದರೂ ಇರಬೇಕೆಂಬ ಆಸೆ ಮೌಯರ್ ಅವರ ಸುತ್ತ ಕಟ್ಟಿಕೊಂಡಿತು.

ಅವರ ಆಟದ ಹಿರಿಮೆಯನ್ನು ಅರಿಯಲು ಅವರು ಯಾವ ಸ್ಥಾನದಲ್ಲಿ ಆಡುತ್ತಿದ್ದರೆಂಬುದನ್ನು ತಿಳಿಯಬೇಕು. ಬ್ಯಾಟುಗಾರನ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತು ಪಿಚರ್ ಎಸೆದ ಚೆಂಡನ್ನು ಹಿಡಿಯುವವನು ಕ್ಯಾಚರ್. ಕ್ರಿಕೆಟ್ ಬಲ್ಲವರು ಅವನನ್ನು ವಿಕೆಟ್ ಕೀಪರ್ ಎಂದು ಭಾವಿಸಿಕೊಳ್ಳಬಹುದಾದರೂ, ಕ್ಯಾಚರ್ ಬ್ಯಾಟಿಗೆ ಇನ್ನೂ ಹತ್ತಿರದಲ್ಲಿ ಇರುತ್ತಾನೆ, ಯಾವ ಎಸೆತ ಹಾಕಬೇಕೆಂದು ಪಿಚರ್‌ಗೆ ಸನ್ನೆ ಮಾಡುತ್ತಾನೆ, ಬ್ಯಾಟಿನ ಅಂಚು ಸವರಿ ಬಂದ ಚೆಂಡುಗಳ ಪೆಟ್ಟನ್ನು ಮುಖಗವಸಿನ ಮೇಲೆ ಪದೇ ಪದೇ ತಿನ್ನುತ್ತಾನೆ. ಮಂಡಿ ಸವೆಸುವ ಈ ಕೆಲಸ ಮಾಡುವವರಿಂದ ಯಾರೂ ಶ್ರೇಷ್ಠ ಬ್ಯಾಟಿಂಗ್ ನಿರೀಕ್ಷಿಸುವುದಿಲ್ಲ. ಬ್ಯಾಟಿಂಗ್ ಸರಾಸರಿ ಎಂದರೆ ಬೇಸ್‌ಬಾಲ್‌ನಲ್ಲಿ ಲೆಕ್ಕಕ್ಕೆ ಬರುವ ಸರದಿಗಳಲ್ಲಿ ಎಷ್ಟನೆಯ ಪಾಲು ಸಫಲ ಹೊಡೆತಗಳಾದವು ಎಂಬ ಅನುಪಾತ, 0.300 ದಾಟಿದವನು ಉತ್ತಮ ಆಟಗಾರ. ಲೀಗ್‌ನಲ್ಲೇ ಅತಿ ಹೆಚ್ಚಿನ ಸರಾಸರಿ ಪಡೆದವನಿಗೆ ಬ್ಯಾಟಿಂಗ್ ಕಿರೀಟ ಸಲ್ಲುತ್ತದೆ. ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲಿ ಒಂದಾದ, ಟ್ವಿನ್ಸ್ ಆಡುವ ಅಮೆರಿಕನ್ ಲೀಗ್‌ನಲ್ಲಿ 2006ರವರೆಗೆ ಯಾವ ಕ್ಯಾಚರ್ ಕೂಡ ಪಡೆಯದಿದ್ದ ಆ ಕಿರೀಟವನ್ನು ಮೌಯರ್ ಆ ವರ್ಷ 0.347 ಸರಾಸರಿಯೊಂದಿಗೆ ಪಡೆದರು, 2008ರಲ್ಲಿ ಮತ್ತೆ ಪಡೆದರು, 2009ರಲ್ಲಿ ಬೆನ್ನುನೋವಿನಿಂದ ಮೊದಲ ತಿಂಗಳು ಆಡದಿದ್ದರೂ 0.365 ಸರಾಸರಿ ಮತ್ತು 28 ಹೋಮ್ ರನ್‌ಗಳೊಂದಿಗೆ ಮೂರನೆಯ ಬಾರಿ ಪಡೆದರು. ಪ್ರೇಕ್ಷಕರ ಸಾಲಿಗೇ ಚೆಂಡನ್ನು ಅಟ್ಟುವ ಹೋಮ್ ರನ್ ಅವರ ಆಟದಲ್ಲಿ ಅಲ್ಲಿಯತನಕ ಹೆಚ್ಚಾಗಿ ಕಂಡಿರಲಿಲ್ಲ. ಆ ವರ್ಷ ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿಗೆ 28 ಮತದಾರರಲ್ಲಿ 27 ಮಂದಿ ಅವರ ಹೆಸರನ್ನೇ ಮೊದಲು ಬರೆದರು.

ಈ ಶಿಖರದ ಮೇಲೆ ನಿಂತು ಒಪ್ಪಂದ ಬರೆಯಲಾಯಿತು ಎನ್ನುವುದೇ ಮುಂದಿನ ಎಲ್ಲ ಕಹಿಗೆ ಬೀಜ. ಹಳೆಯ ಒಪ್ಪಂದ 2010ಕ್ಕೆ ಮುಗಿಯುವುದಿತ್ತು. ಬಳಿಕ ಅವರು ಯಾವ ತಂಡಕ್ಕೆ ಬೇಕಾದರೂ ಹೋಗಬಹುದಿತ್ತು, ನ್ಯೂಯಾರ್ಕ್ ಮತ್ತು ಬಾಸ್ಟನ್‌ಗಳ ಹೆಸರು ಎಲ್ಲರ ಬಾಯಲ್ಲೂ ಇತ್ತು. ಟ್ವಿನ್ಸ್ ತಂಡವು ಮುಚ್ಚಿದ ಛಾವಣಿಯ ಹಳೆಯ ಮೆಟ್ರೊಡೋಮ್ ಬಿಟ್ಟು ‘ಟಾರ್ಗೆಟ್ ಫೀಲ್ಡ್’ ಎಂಬ ಹೊಸ ತೆರೆದ ಕ್ರೀಡಾಂಗಣಕ್ಕೆ ಹೋಗುವ ಸಿದ್ಧತೆಯಲ್ಲಿದ್ದು, ಅದರ ವೆಚ್ಚದ ದೊಡ್ಡ ಪಾಲನ್ನು ಮಿನಿಯಾಪೊಲಿಸ್ ಇರುವ ಹೆನೆಪಿನ್ ಕೌಂಟಿಯ ಜನ ಮಾರಾಟ ತೆರಿಗೆಯ ಮೂಲಕ ಹೊತ್ತಿದ್ದರು. ಹೊಸ ಅಂಗಳ ಕಟ್ಟಿಸಿಕೊಂಡ ಮೇಲೂ ಊರಿನ ಹುಡುಗನನ್ನು ಬಿಟ್ಟುಕೊಟ್ಟರೆ ಆ ತೆರಿಗೆಗೆ ಏನರ್ಥ ಎಂದು ಜನ ಕೇಳುವುದು ಸಹಜವಾಗಿತ್ತು. 2010ರ ಮಾರ್ಚಿನಲ್ಲಿ ತಂಡವು 2011ರಿಂದ 2018ರವರೆಗಿನ ಎಂಟು ವರ್ಷಗಳಿಗೆ 18.4 ಕೋಟಿ ಡಾಲರ್, ಅಂದರೆ ಅಂದಿನ ದರದಲ್ಲಿ 800 ಕೋಟಿ ರೂಪಾಯಿಗೂ ಮೀರಿದ ಮೊತ್ತ, ಕೊಡುವುದಾಗಿ ಒಪ್ಪಿತು. ಅವರ ಒಪ್ಪಿಗೆಯಿಲ್ಲದೆ ಬೇರೆ ತಂಡಕ್ಕೆ ಕೊಡುವಂತಿಲ್ಲ ಎಂಬ ಷರತ್ತೂ ಅದರಲ್ಲಿತ್ತು. ಕ್ಯಾಚರ್ ಒಬ್ಬನಿಗೆ ಅದುವರೆಗೆ ಯಾರೂ ಅಷ್ಟು ಕೊಟ್ಟಿರಲಿಲ್ಲ. ಅಂದು ಸಂಭ್ರಮಿಸಿದವರಲ್ಲಿ ಎಷ್ಟು ಮಂದಿ ಎರಡು ವರ್ಷದೊಳಗೆ ಅದೇ ಮೊತ್ತವನ್ನು ಎತ್ತಿ ಆಡಿಕೊಂಡರು ಎಂಬುದನ್ನು ಯಾರೂ ಎಣಿಸಿಲ್ಲ. ಎಣಿಸಿದ್ದರೆ ಆ ಸಂಖ್ಯೆ ಸಣ್ಣದಿರುತ್ತಿರಲಿಲ್ಲ.

ಹೊಸ ಒಪ್ಪಂದದ ಮೊದಲ ವರ್ಷವಾದ 2011ರಲ್ಲೇ ಕುಸಿತ ಆರಂಭವಾಯಿತು. ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಬಂದಿದ್ದ ಮೌಯರ್ ಏಪ್ರಿಲಿನಲ್ಲೇ ಅಂಗಳದಿಂದ ಹೊರಗುಳಿದಾಗ ತಂಡ ಕೊಟ್ಟ ಕಾರಣ ‘ಎರಡೂ ಕಾಲುಗಳ ದೌರ್ಬಲ್ಯ’ ಎಂಬುದು. ಮುರಿದ ಮೂಳೆ, ಹರಿದ ಸ್ನಾಯು ಎಂದಿದ್ದರೆ ಜನ ನಂಬುತ್ತಿದ್ದರು. ಈ ಅಸ್ಪಷ್ಟ ಪದಗುಚ್ಛವನ್ನು ಅವರು ಹಾಸ್ಯಕ್ಕೆ ವಸ್ತು ಮಾಡಿಕೊಂಡರು. ಆ ಋತುವಿನಲ್ಲಿ ಅವರು 162 ಪಂದ್ಯಗಳಲ್ಲಿ ಆಡಿದ್ದು 82, ಹೊಡೆದ ಹೋಮ್ ರನ್ ಮೂರು. ಹಿಂದಿನ ವರ್ಷ 94 ಪಂದ್ಯ ಗೆದ್ದಿದ್ದ ತಂಡ 99 ಪಂದ್ಯ ಸೋತಿತು. ಸೌಜನ್ಯಕ್ಕೆ ಹೆಸರಾದ ಆ ರಾಜ್ಯದ ಪ್ರೇಕ್ಷಕರು ಸ್ವಂತ ಅಂಗಳದಲ್ಲಿ ಊರಿನ ಹುಡುಗನನ್ನೇ ಅಣಕಿಸಿ ಕೂಗಿದ್ದು ಆಗಲೇ.

ಈ ಅಸಮಾಧಾನವನ್ನು ಕೃತಘ್ನತೆ ಎಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಅಭಿಮಾನಿಗಳ ಮುಂದೆ ಸ್ಪಷ್ಟವಾಗಿ ಕಾಣುತ್ತಿದ್ದದ್ದು ವರ್ಷಕ್ಕೆ 2.3 ಕೋಟಿ ಡಾಲರ್ ಎಂಬ ಒಂದೇ ಸಂಖ್ಯೆ. ಅದು ತಂಡದ ಒಟ್ಟು ಸಂಬಳದ ಐದನೇ ಒಂದು ಭಾಗದಷ್ಟಿದ್ದು, ಕೆಲವು ವರ್ಷ ಅದಕ್ಕೂ ಮೀರಿತ್ತು. ಆ ಸಂಬಳಕ್ಕೆ ಪ್ರತಿಯಾಗಿ ಮೌಯರ್ ಕೊಡುತ್ತಿದ್ದದ್ದರಲ್ಲಿ ಬಹುಪಾಲು ಕಣ್ಣಿಗೆ ಬೀಳದ ಬಗೆಯದು. ಕೆಟ್ಟ ಎಸೆತಗಳನ್ನು ತಾಳ್ಮೆಯಿಂದ ಬಿಟ್ಟು, ನಾಲ್ಕು ಅಂಥ ಎಸೆತಗಳ ನಂತರ ಸಿಗುವ ‘ವಾಕ್’ ಎಂಬ ಪುಕ್ಕಟೆ ನಡಿಗೆಯಿಂದ ಮೊದಲ ನೆಲೆ ತಲುಪುವುದು ಅವರ ದೊಡ್ಡ ಬಲ. ಹೊಡೆತ, ವಾಕ್ ಎರಡನ್ನೂ ಸೇರಿಸಿ, ಬ್ಯಾಟುಗಾರ ಔಟಾಗದೆ ನೆಲೆ ತಲುಪಿದ ಪ್ರಮಾಣವನ್ನು ಅಳೆಯುವ ‘ಆನ್-ಬೇಸ್’ ಅನುಪಾತದಲ್ಲಿ ಅವರು 2012ರಲ್ಲಿ 0.416ರೊಂದಿಗೆ ಇಡೀ ಅಮೆರಿಕನ್ ಲೀಗ್‌ಗೆ ಮೊದಲಿಗರಾಗಿದ್ದರು. ಆ ವರ್ಷ ಅಣಕಿಸಿದವರಿಗೂ ಇದು ತಿಳಿಯದ ಸಂಗತಿಯೇನಲ್ಲ. ಆದರೆ ನಡೆದು ಹೋಗಿ ನೆಲೆ ತಲುಪುವವನಿಗೆ ಎದ್ದುನಿಂತು ಚಪ್ಪಾಳೆ ತಟ್ಟುವುದು ಯಾವ ದೇಶದ ಪ್ರೇಕ್ಷಕರಿಗೂ ಕಷ್ಟ. ಇದರ ಮೇಲೆ, 2009ರ 28 ಹೋಮ್ ರನ್‌ಗಳು ಮತ್ತೆ ಬರಲೇ ಇಲ್ಲ. 2010ರಲ್ಲಿ ಅವರು ಹೊಡೆದ ಒಂಬತ್ತರಲ್ಲಿ ವಿಶಾಲವಾದ ಟಾರ್ಗೆಟ್ ಫೀಲ್ಡ್‌ನಲ್ಲಿ ಬಂದದ್ದು ಒಂದೇ. ಒಪ್ಪಂದವು ಅಪವಾದದಂಥ ಒಂದು ವರ್ಷವನ್ನು ನಿಯಮವೆಂದು ನಂಬಿಸಿಬಿಟ್ಟಿತ್ತು.

ಅವರ ಸ್ವಭಾವವೂ ನೆರವಾಗಲಿಲ್ಲ. ಗೆದ್ದಾಗಲೂ ಸೋತಾಗಲೂ ಒಂದೇ ಮುಖಭಾವ, ಪತ್ರಕರ್ತರಿಗೆ ಅಳೆದು ತೂಗಿದ ಸಪ್ಪೆ ಉತ್ತರ. ಸರಾಸರಿ 0.365 ಇದ್ದಾಗ ಜನ ಅದನ್ನು ವಿನಯ ಎಂದು ಕರೆದರು, 0.265ಕ್ಕೆ ಇಳಿದಾಗ ಅದನ್ನೇ ನಿರ್ಲಿಪ್ತತೆ ಎಂದರು.

ಸೇಂಟ್ ಪಾಲ್ ನಗರದ ಬೇಸ್‌ಬಾಲ್ ಇತಿಹಾಸ ಇಲ್ಲಿ ಒಂದು ವಿಚಿತ್ರ ಹೋಲಿಕೆ ಒದಗಿಸುತ್ತದೆ. ಆಟದ ಅತ್ಯುನ್ನತ ಗೌರವವಾದ ಹಾಲ್ ಆಫ್ ಫೇಮ್‌ಗೆ ಸೇರಿದ ಡೇವ್ ವಿನ್‌ಫೀಲ್ಡ್, ಪಾಲ್ ಮಾಲಿಟರ್, ಜ್ಯಾಕ್ ಮಾರಿಸ್ ಮೂವರೂ ಅದೇ ನಗರದಲ್ಲಿ ಹುಟ್ಟಿದವರು. ಮೂವರೂ ಬೇರೆ ಊರುಗಳಲ್ಲಿ ಹೆಸರು ಗಳಿಸಿ, ವೃತ್ತಿಜೀವನದ ಉತ್ತರಾರ್ಧದಲ್ಲಿ ಟ್ವಿನ್ಸ್‌ಗೆ ಬಂದವರು. ಮಾರಿಸ್ 1991ರ ಒಂದೇ ಋತು ಆಡಿ, ಮೇಜರ್ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನ ಏಳನೆಯ ಹಾಗೂ ನಿರ್ಣಾಯಕ ಪಂದ್ಯದಲ್ಲಿ ಹತ್ತು ಇನಿಂಗ್ಸ್ ಎಸೆದು ಒಂದೂ ರನ್ ಕೊಡದೆ ತಂಡವನ್ನು ಗೆಲ್ಲಿಸಿ ಹೊರಟುಹೋದರು. ವಿನ್‌ಫೀಲ್ಡ್ 1993ರಲ್ಲಿ, ಮಾಲಿಟರ್ 1996ರಲ್ಲಿ ತಮ್ಮ ಮೂರು ಸಾವಿರನೆಯ ಹೊಡೆತವನ್ನು ಟ್ವಿನ್ಸ್ ಸಮವಸ್ತ್ರದಲ್ಲಿ ಪೂರೈಸಿದರು. ಅವರ ಕೆಟ್ಟ ವರ್ಷಗಳನ್ನು, ಗಾಯಗಳನ್ನು, ಸಂಬಳದ ಚೌಕಾಶಿಗಳನ್ನು ಬೇರೆ ಊರುಗಳು ನೋಡಿದ್ದವು. ಹುಟ್ಟೂರು ನೋಡಿದ್ದು ಮರಳಿ ಬಂದ ಕೀರ್ತಿಯನ್ನು ಮಾತ್ರ. ಮೌಯರ್ ಒಬ್ಬರೇ ಇಪ್ಪತ್ತೊಂದರ ಹರೆಯದಿಂದ ಮೂವತ್ತೈದರವರೆಗೆ ನೆರೆಹೊರೆಯವರ ಕಣ್ಣೆದುರೇ ಆಡಿ, ಅವರ ಕಣ್ಣೆದುರೇ ಸವೆದರು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಇದಕ್ಕಿಂತ ಹೊಂದುವ ದೃಷ್ಟಾಂತವನ್ನು ಕ್ರೀಡೆಯಲ್ಲಿ ಹುಡುಕಬೇಕಿಲ್ಲ. ಪಕ್ಕದ ಬ್ಲೂಮಿಂಗ್‌ಟನ್‌ನ ಕೆಂಟ್ ಹರ್ಬೆಕ್ ಕೂಡ ಇಡೀ ವೃತ್ತಿಜೀವನವನ್ನು ಟ್ವಿನ್ಸ್‌ನಲ್ಲೇ ಕಳೆದವರೆಂಬುದು ನಿಜ, ಆದರೆ ಅವರ ಕಾಲದಲ್ಲಿ ತಂಡ 1987 ಮತ್ತು 1991ರಲ್ಲಿ ಎರಡು ಬಾರಿ ವರ್ಲ್ಡ್ ಸೀರೀಸ್ ಗೆದ್ದಿತು. ಎರಡು ಕಪ್‌ಗಳ ಮುಂದೆ ಯಾರೂ ಸರಾಸರಿ ಲೆಕ್ಕ ಹಾಕುವುದಿಲ್ಲ.

ಮೌಯರ್ ಬಳಿ ಅಂಥ ಕಪ್ ಇರಲಿಲ್ಲ. ಋತುವಿನ ಕೊನೆಯ ‘ಪ್ಲೇಆಫ್’ ಸುತ್ತಿನಲ್ಲಿ ಅವರು ಆಡಿದ ಹತ್ತು ಪಂದ್ಯಗಳನ್ನೂ ತಂಡ ಸೋತಿತು. 2009ರಲ್ಲಿ ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಮ್ಮಿನಲ್ಲಿ ಹನ್ನೊಂದನೆಯ ಇನಿಂಗ್ಸ್‌ನಲ್ಲಿ ಅವರು ಹೊಡೆದ ಚೆಂಡು ಗೆರೆಯ ಒಳಗೇ ಬಿದ್ದರೂ ಅಂಪೈರ್ ಅದನ್ನು ಹೊರಗೆಂದು ತೀರ್ಪಿತ್ತದ್ದನ್ನು ಮಿನೆಸೋಟಾದವರು ಇಂದಿಗೂ ಮರೆತಿಲ್ಲ. ಆದರೂ ಸೋಲಿನ ಈ ದಾಖಲೆಯನ್ನು ಒಬ್ಬರ ತಲೆಗೆ ಕಟ್ಟುವುದು ಅನ್ಯಾಯ: 2004ರಿಂದ 2023ರವರೆಗೆ ಟ್ವಿನ್ಸ್ ಸತತವಾಗಿ ಸೋತ ಪ್ಲೇಆಫ್ ಪಂದ್ಯಗಳು ಹದಿನೆಂಟು, ಅವುಗಳಲ್ಲಿ ಎಂಟರಲ್ಲಿ ಮೌಯರ್ ಅಂಗಳಕ್ಕೇ ಇಳಿದಿರಲಿಲ್ಲ.

ನಿಜವಾದ ತಿರುವು ಬಂದದ್ದು 2013ರ ಆಗಸ್ಟ್ 19ರಂದು. ಮೆಟ್ಸ್ ವಿರುದ್ಧದ ಪಂದ್ಯದಲ್ಲಿ ಬ್ಯಾಟಿನ ಅಂಚು ತಗುಲಿ ಬಂದ ಚೆಂಡೊಂದು ಮೌಯರ್ ಅವರ ಮುಖಗವಸಿಗೆ ಬಡಿದು, ‘ಕನ್ಕಷನ್’ ಎಂದು ವೈದ್ಯರು ಕರೆಯುವ ಮಿದುಳಿನ ಆಘಾತವಾಯಿತು. ತಲೆಗೆ ಪೆಟ್ಟು ಬಿದ್ದಾಗ ಮಿದುಳು ಬುರುಡೆಯೊಳಗೆ ಅಲುಗಿ ಉಂಟಾಗುವ ಈ ತೊಂದರೆ ಸಾಮಾನ್ಯ ಎಕ್ಸ್-ರೇ, ಸ್ಕ್ಯಾನ್‌ಗಳಲ್ಲಿ ಕಾಣಿಸುವುದೇ ಇಲ್ಲ. ತಲೆನೋವು, ಬೆಳಕು ಸಹಿಸಲಾಗದಿರುವುದು, ದೃಷ್ಟಿ ಮಸುಕಾಗುವುದು ಮುಂತಾದ ಲಕ್ಷಣಗಳನ್ನು ರೋಗಿಯೇ ಹೇಳಬೇಕು, ಕೇಳುವವರು ನಂಬಬೇಕು. ಆ ಹೊತ್ತಿಗೆ 0.324 ಸರಾಸರಿಯಲ್ಲಿದ್ದ ಅವರ ಋತು ಅಲ್ಲಿಗೇ ಮುಗಿಯಿತು. ತಂಡದ ಜೊತೆಗಾರ ಜಸ್ಟಿನ್ ಮಾರ್ನೋ 2010ರಲ್ಲಿ ಇಂಥದೇ ಪೆಟ್ಟು ತಿಂದ ಮೇಲೆ ಹಿಂದಿನಂತೆ ಆಡಲಾಗದೆ ಹೋದದ್ದನ್ನು ಅಭಿಮಾನಿಗಳು ಕಂಡಿದ್ದರಿಂದ ಅಪಾಯ ಅವರಿಗೆ ಹೊಸದಾಗಿರಲಿಲ್ಲ. ನವೆಂಬರಿನಲ್ಲಿ ತಂಡ ಅವರನ್ನು ಕ್ಯಾಚರ್ ಸ್ಥಾನದಿಂದ ಬಿಡಿಸಿ, ಮೊದಲ ನೆಲೆಯನ್ನು ಕಾಯುವ ‘ಫಸ್ಟ್ ಬೇಸ್’ ಸ್ಥಾನಕ್ಕೆ ಕಳುಹಿಸಿತು.

ದೇಹಕ್ಕೆ ಸುರಕ್ಷಿತವಾದ ಈ ಬದಲಾವಣೆ ಅವರ ಬೆಲೆಯನ್ನು ಮಾತ್ರ ಒಂದೇ ಏಟಿಗೆ ಇಳಿಸಿತು. ಕ್ಯಾಚರ್ ಹೊಡೆದ 0.320 ಸರಾಸರಿ ಅಪರೂಪದ್ದು. ಫಸ್ಟ್ ಬೇಸ್‌ನಲ್ಲಿ ನಿಲ್ಲುವವನು ವರ್ಷಕ್ಕೆ ಇಪ್ಪತ್ತೈದು ಮೂವತ್ತು ಹೋಮ್ ರನ್ ಹೊಡೆಯಬೇಕೆಂಬುದು ಆ ಸ್ಥಾನದ ವಾಡಿಕೆ. 2014ರಲ್ಲಿ ಅವರ ಸರಾಸರಿ 0.277, ಮರುವರ್ಷ 0.265, ಅದರ ಮರುವರ್ಷ 0.261. ಹೋಮ್ ರನ್‌ಗಳು ಬೆರಳೆಣಿಕೆಯವು. 2015ರಲ್ಲಂತೂ ಅವರು 158 ಪಂದ್ಯಗಳನ್ನು ಆಡಿದರು, ಅದು ಅವರ ವೃತ್ತಿಜೀವನದಲ್ಲೇ ಅತಿ ಹೆಚ್ಚು. ಆಡುವುದಿಲ್ಲ ಎಂಬ ಹಳೆಯ ದೂರಿಗೆ ಇದು ಉತ್ತರವಾಗುವ ಬದಲು, ಆಡಿಯೂ ಇಷ್ಟೇ ಎಂಬ ಹೊಸ ದೂರಿಗೆ ಆಧಾರವಾಯಿತು. ಚೆಂಡು, ವಿಶೇಷವಾಗಿ ಹಗಲಿನ ಬಿಸಿಲಿನಲ್ಲಿ, ತಮಗೆ ಸ್ಪಷ್ಟವಾಗಿ ಕಾಣುತ್ತಿಲ್ಲವೆಂದು ಅವರು ಬಹಿರಂಗವಾಗಿ ಹೇಳಿದ್ದು 2016ರ ಆರಂಭದಲ್ಲಿ, ಪೆಟ್ಟು ಬಿದ್ದು ಎರಡು ವರ್ಷ ದಾಟಿದ ಮೇಲೆ. ಅದಕ್ಕೆಂದೇ ತಂಪು ಕನ್ನಡಕ ಹಾಕಿ ಬ್ಯಾಟ್ ಮಾಡುವ ಪ್ರಯೋಗವನ್ನೂ ಮಾಡಿದರು. ಗಂಟೆಗೆ 150 ಕಿಲೋಮೀಟರ್ ವೇಗದ ಚೆಂಡನ್ನು ಅರ್ಧ ಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ಗುರುತಿಸಿ ಹೊಡೆಯಬೇಕಾದವನಿಗೆ ಮಸುಕು ಎಂದರೆ ಏನೆಂಬುದನ್ನು ಅಭಿಮಾನಿಗಳು ಆಗ ಯೋಚಿಸಬೇಕಾಯಿತು. ಅವರು ಮೊದಲೇ ಹೇಳಿದ್ದರೆ ನೆಪ ಹೇಳುತ್ತಾರೆ ಎನ್ನುತ್ತಿದ್ದರು. ಹೇಳದಿದ್ದುದಕ್ಕೆ ಮೈಗಳ್ಳ ಎಂದಿದ್ದರು.

ಈ ವರ್ಷಗಳಲ್ಲಿ ಅಭಿಮಾನಿಗಳು ಎರಡು ಬಣಗಳಾಗಿ ಒಡೆದರೆಂದು ಹೇಳುವುದುಂಟು. ಹಾಗೆ ಹೇಳುವುದಕ್ಕಿಂತ, ಒಬ್ಬೊಬ್ಬ ಅಭಿಮಾನಿಯೊಳಗೂ ಎರಡು ಲೆಕ್ಕಪುಸ್ತಕಗಳಿದ್ದವು ಎನ್ನುವುದು ಹೆಚ್ಚು ನಿಜ. ಒಂದರಲ್ಲಿ ಸಂಬಳ ಮತ್ತು ಸೋಲು: 2011ರಿಂದ 2014ರವರೆಗೆ ತಂಡ ಪ್ರತಿವರ್ಷ ತೊಂಬತ್ತಕ್ಕೂ ಹೆಚ್ಚು ಪಂದ್ಯ ಸೋತದ್ದು, 2010ರಲ್ಲಿ 32 ಲಕ್ಷ ದಾಟಿದ್ದ ವಾರ್ಷಿಕ ಪ್ರೇಕ್ಷಕರ ಸಂಖ್ಯೆ 2016ರಲ್ಲಿ 20 ಲಕ್ಷಕ್ಕೂ ಕೆಳಗಿಳಿದದ್ದು, ಆ ಹಣದಲ್ಲಿ ಒಳ್ಳೆಯ ಪಿಚರ್‌ಗಳನ್ನು ತರಬಹುದಿತ್ತೆಂಬ ವಾದ. ಇನ್ನೊಂದರಲ್ಲಿ ಶಾಲೆಯ ದಿನಗಳಿಂದ ಕಂಡ ಹುಡುಗ, ಹೊರಗೆ ಹೋಗಬಹುದಾಗಿದ್ದರೂ ಉಳಿದವನು. ಹಣದ ವಾದಕ್ಕೆ ಸಮಾಧಾನ ಇಲ್ಲದಿಲ್ಲ: ಬೇಸ್‌ಬಾಲ್‌ನಲ್ಲಿ ತಂಡದ ಒಟ್ಟು ಸಂಬಳಕ್ಕೆ ಕಟ್ಟುನಿಟ್ಟಾದ ಮಿತಿ ಇಲ್ಲವಾದ್ದರಿಂದ, ಪಿಚರ್‌ಗಳನ್ನು ತರದಿದ್ದುದು ಮಾಲೀಕರ ನಿರ್ಧಾರವೇ ಹೊರತು ಮೌಯರ್ ಅವರ ತಪ್ಪಲ್ಲ. ಆದರೆ ಮಾಲೀಕ ಅಂಗಳದಲ್ಲಿ ಕಾಣಿಸಿಕೊಳ್ಳುವುದಿಲ್ಲ. ಏಳನೆಯ ಸಂಖ್ಯೆಯ ಅಂಗಿ ತೊಟ್ಟವನು ದಿನಕ್ಕೆ ನಾಲ್ಕು ಬಾರಿ ಎದುರಿಗೆ ಬರುತ್ತಾನೆ.

2017ರಲ್ಲಿ ಸರಾಸರಿ 0.305ಕ್ಕೆ ಏರಿ ತಂಡವೂ ಪ್ಲೇಆಫ್ ತಲುಪಿದಾಗ ಕೂಗು ಬಹುತೇಕ ತಣ್ಣಗಾಯಿತು. 2018ರ ಏಪ್ರಿಲಿನಲ್ಲಿ ಸ್ವಂತ ಅಂಗಳದಲ್ಲೇ ಅವರು ಎರಡು ಸಾವಿರನೆಯ ಹೊಡೆತ ಪೂರೈಸಿದಾಗ ಪ್ರೇಕ್ಷಕರು ಎದ್ದುನಿಂತರು. ಮೇ ತಿಂಗಳಲ್ಲಿ ಚೆಂಡಿಗಾಗಿ ಹಾರಿ ಬಿದ್ದು ಕನ್ಕಷನ್ನಿನ ಲಕ್ಷಣಗಳು ಮರಳಿದಾಗ ಈ ಬಾರಿ ಯಾರೂ ನಗಲಿಲ್ಲ. ಸೆಪ್ಟೆಂಬರ್ 30ರಂದು ಋತುವಿನ ಕೊನೆಯ ಪಂದ್ಯದಲ್ಲಿ, ಶಿಕಾಗೊ ವೈಟ್ ಸಾಕ್ಸ್ ವಿರುದ್ಧ ತಮ್ಮ ಅಂತಿಮ ಸರದಿಯಲ್ಲಿ ಎರಡು ನೆಲೆಗಳ ಹೊಡೆತ ಬಾರಿಸಿದ ಮೌಯರ್, ಒಂಬತ್ತನೆಯ ಇನಿಂಗ್ಸ್‌ನಲ್ಲಿ ಐದು ವರ್ಷಗಳಿಂದ ತೊಡದಿದ್ದ ಕ್ಯಾಚರ್ ಕವಚ ತೊಟ್ಟು ಬಂದು, ಒಂದೇ ಒಂದು ಎಸೆತ ಹಿಡಿದು ಹೊರನಡೆದರು. ನಿವೃತ್ತಿಯನ್ನು ತಿಳಿಸಲು ನವೆಂಬರಿನಲ್ಲಿ ಅಭಿಮಾನಿಗಳಿಗೆ ಬರೆದ ಪತ್ರದಲ್ಲಿ ಅವರು ಕೊಟ್ಟ ಮುಖ್ಯ ಕಾರಣಗಳು ತಲೆಯ ಪೆಟ್ಟಿನ ಅಪಾಯ ಮತ್ತು ಕುಟುಂಬ. ಮರುವರ್ಷ ಜೂನ್‌ನಲ್ಲಿ ತಂಡವು ಅವರ ಅಂಗಿಯ ಏಳನೆಯ ಸಂಖ್ಯೆಯನ್ನು ಇನ್ನು ಯಾರಿಗೂ ಕೊಡುವುದಿಲ್ಲವೆಂದು ಘೋಷಿಸುವ ಸಮಾರಂಭ ನಡೆಸಿತು.

2024ರ ಜನವರಿಯಲ್ಲಿ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಮೊದಲ ಬಾರಿ ಮತದಾನಕ್ಕೆ ಬಂದಾಗ, ಹಿರಿಯ ಬೇಸ್‌ಬಾಲ್ ಪತ್ರಕರ್ತರು ಹಾಕಿದ 385 ಮತಪತ್ರಗಳಲ್ಲಿ 293ರಲ್ಲಿ ಅವರ ಹೆಸರಿತ್ತು. ಬೇಕಿದ್ದ ಮುಕ್ಕಾಲು ಪಾಲಿಗಿಂತ ಇದು ನಾಲ್ಕೇ ಮತ ಹೆಚ್ಚು. ವಿರೋಧಿಸಿದವರ ಆಕ್ಷೇಪವೆಂದರೆ ಕ್ಯಾಚರ್ ಆಗಿ ಅವರು ಆಡಿದ್ದು 921 ಪಂದ್ಯ ಮಾತ್ರ, ಉಳಿದ ವರ್ಷಗಳು ಸಾಧಾರಣ ಎಂಬುದು. ಪರವಾಗಿದ್ದವರು 2004ರಿಂದ 2013ರವರೆಗಿನ ಹತ್ತು ವರ್ಷಗಳನ್ನೇ ತೂಗಿ, ಕಡೆಯ ಐದನ್ನು ಬದಿಗಿಟ್ಟರು. ಆ ಐದು ವರ್ಷಗಳಿಗೆ ತಂಡ ತೆತ್ತದ್ದು 11.5 ಕೋಟಿ ಡಾಲರ್. ಮತಪತ್ರದಲ್ಲಿ ಅದಕ್ಕೆ ಜಾಗವಿರಲಿಲ್ಲ. ಟಾರ್ಗೆಟ್ ಫೀಲ್ಡ್‌ನಲ್ಲಿ ಟಿಕೆಟ್ ಕೊಂಡು ಕೂತು ಒಮ್ಮೆ ಕೂಗಿ ಇನ್ನೊಮ್ಮೆ ಎದ್ದುನಿಂತವರು ಆ ಮೊತ್ತವನ್ನು ಇಂದಿಗೂ ಬಾಯಿಪಾಠವಾಗಿ ಹೇಳಬಲ್ಲರು.